ಗೋಲಿಯಾದ ಪ್ರೋಟೀನು

ಪ್ರೋಟೀನಿನ ರಚನೆಯನ್ನು ಎಕ್ಸ್-ಕಿರಣದಿಂದ ಅರಿಯಲು ಅದರ ಹರಳು ಬೇಕು. ಹರಳು ಕಟ್ಟಿಸುವುದೇ ಪೇಚಾಟವೆಂದು ನೀವು ಓದಿರಬಹುದು. ಆಮ್‌ಸ್ಟರ್‌ಡಾಮ್, ಕೇಂಬ್ರಿಜ್‌ಗಳಲ್ಲಿ ದುಡಿದ, 2016ರಲ್ಲಿ ಬೋಲ್ಟ್ಸ್‌ಮನ್ ಪದಕ ಪಡೆದ ಡಾನ್ ಫ್ರೆಂಕೆಲ್ ಹರಳುಗಳನ್ನು ಗಣಕದಲ್ಲೇ ಬೆಳೆಸಿ ನೋಡಿದವರು. ಅವರ ವೃತ್ತಿಜೀವನವನ್ನು ಅಳೆಯಲು 1997ರಲ್ಲಿ ಟೆನ್ ವೋಲ್ಡೆ ಜೊತೆ ಬರೆದ ಪ್ರಬಂಧವೊಂದೇ ಸಾಕು ಎನಿಸುತ್ತದೆ. ದ್ರಾವಣವು ದಟ್ಟ, ತೆಳು ಭಾಗಗಳಾಗಿ ಒಡೆಯುವ ಅಂಚಿನಲ್ಲಿ ಅಣುಗಳು ಮೊದಲು ಹನಿಯಂತೆ ಗುಂಪುಗೂಡುತ್ತವೆ. ಹರಳಿನ ಬೀಜ ಆ ಗುಂಪಿನೊಳಗೆ ಮೂಡುತ್ತದೆ. ದಾಟಬೇಕಾದ ಶಕ್ತಿಯ ದಿಬ್ಬ ಹೀಗೆ ತಗ್ಗುತ್ತದೆ. ಸೊಗಸಾದ ವಿವರಣೆ! ಆದರೆ ಇಲ್ಲಿನ ಪ್ರೋಟೀನು ಎಲ್ಲ ದಿಕ್ಕಿಗೂ ಸಮನಾಗಿ ಅಂಟುವ ಗೋಲಿ. ಮೊಟ್ಟೆಯ ಲೋಳೆಯಲ್ಲಿರುವ ಲೈಸೊಜೈಮ್ ಹಾಗಲ್ಲ. ಅದರ ಮೈಯೆಲ್ಲ ಒಂದೇ ಬಗೆಯಲ್ಲಿ ಅಂಟದು. ಹರಳು ಏಕೆ ಕಟ್ಟುತ್ತದೆಂದು ಗೋಲಿಯ ಲೆಕ್ಕ ಹೇಳೀತು. ಯಾವ ಪ್ರೋಟೀನಿಗೆ ಯಾವ ಲವಣ, ಎಷ್ಟು ಎಂಬುದನ್ನು ಹೇಳದು.