ಸಿರಾಗ್ರಂಥಿ: ಒಂದು ಪದದ ಅರ್ಥವಿಚಾರ

ವೈದ್ಯವಿಷಯಕವಾದ ತಾಡವೋಲೆಗಳು ಮುದ್ರಣವನ್ನು ಕಾಣತೊಡಗಿದಂದಿನಿಂದ ಗ್ರಂಥದ ಕೊನೆಗೆ ರೋಗನಾಮಗಳ ಕೋಶವೊಂದನ್ನು ಸೇರಿಸಿ, ಪ್ರತಿಯೊಂದು ಹೆಸರಿನ ಎದುರಿಗೆ ಇಂದಿನ ವೈದ್ಯರು ಬಳಸುವ ಹೆಸರನ್ನು ಬರೆಯುವುದು ಸಂಪಾದಕರಲ್ಲಿ ವಾಡಿಕೆಯಾಗಿದೆ. ವಾಡಿಕೆ ಒಳ್ಳೆಯದೇ. ಆದರೆ ಕೆಲವು ಪದಗಳ ವಿಷಯದಲ್ಲಿ ಈ ಸಮೀಕರಣವು ಮೂಲವನ್ನು ಓದುವ ಮೊದಲೇ ನಡೆದುಹೋದಂತೆ ಕಾಣುತ್ತದೆ. ಅಂಥ ಪದಗಳಲ್ಲಿ ಸಿರಾಗ್ರಂಥಿ ಒಂದು. ಸಿರಾಜಗ್ರಂಥಿ ಎಂಬುದು ಅದರ ಇನ್ನೊಂದು ರೂಪ. ಇದರ ಎದುರಿಗೆ ಸಾಮಾನ್ಯವಾಗಿ ಬರೆಯುವ ಅರ್ಥ ‘ವೆರಿಕೋಸ್ ವೇನ್’ ಅಥವಾ ‘ಕಾಲಿನ ಉಬ್ಬಿದ ನರ’. ಈ ಅರ್ಥವು ಒಂದು ಗ್ರಂಥಕ್ಕೆ ಬಹುಮಟ್ಟಿಗೆ ಹೊಂದುತ್ತದೆ, ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದದಿರುವ ಕಡೆಯಲ್ಲಿ ಅದನ್ನು ನಂಬಿ ಚಿಕಿತ್ಸೆಗೆ ತೊಡಗಿದರೆ ರೋಗಿಯ ಕಾಲು ಉಳಿಯುವುದೇ ಸಂದೇಹ. ಆದುದರಿಂದ ಇದು ಕೇವಲ ಕೋಶಕಾರರ ಚರ್ಚೆಯಲ್ಲ.

ಮೊದಲು ಸುಶ್ರುತನ ಲಕ್ಷಣವನ್ನು ನೋಡಬೇಕು. ನಿದಾನಸ್ಥಾನದ ೧೧ನೆಯ ಅಧ್ಯಾಯದಲ್ಲಿ ಅವನು ಹೇಳುವುದರ ತಾತ್ಪರ್ಯವಿಷ್ಟು: ಬಲವಿಲ್ಲದವನು ಶ್ರಮದ ಕೆಲಸಗಳನ್ನು ಮಾಡಿದಾಗ ವಾಯುವು ಸಿರೆಗಳ ಹೆಣಿಗೆಯನ್ನು ಸೆಳೆದು, ಹಿಂಡಿ, ಸಂಕೋಚಗೊಳಿಸಿ, ಒಣಗಿಸಿ, ಎತ್ತರವೂ ದುಂಡಗೂ ಆದ ಗಂಟನ್ನು ಬೇಗನೆ ಉಂಟುಮಾಡುತ್ತದೆ. ಗಂಟು ನೋವಿನಿಂದ ಕೂಡಿ ಅಲುಗಾಡುವಂತಿದ್ದರೆ ಕೃಚ್ಛ್ರಸಾಧ್ಯ. ನೋವಿಲ್ಲದೆ, ಅಲುಗದೆ, ದೊಡ್ಡದಾಗಿ, ಮರ್ಮಸ್ಥಾನದಲ್ಲಿ ಎದ್ದಿದ್ದರೆ ವೈದ್ಯನು ಅದನ್ನು ಕೈಬಿಡಬೇಕು.

ಈ ವರ್ಣನೆಯಲ್ಲಿ ಕಾಲಿನ ಮಾತೇ ಇಲ್ಲ. ಗಂಟು ‘ಬೇಗನೆ’ ಏಳುತ್ತದೆ, ದುಂಡಗಿರುತ್ತದೆ. ಇಂದು ವೆರಿಕೋಸ್ ಎಂದು ಕರೆಯುವ ವಿಕಾರವು ವರ್ಷಗಳ ಕಾಲ ಮೆಲ್ಲಮೆಲ್ಲನೆ ಬೆಳೆಯುವಂಥದು. ಮೀನಖಂಡದ ಮೇಲೂ ತೊಡೆಯ ಒಳಭಾಗದಲ್ಲಿಯೂ ಹಾವಿನಂತೆ ಸುತ್ತಿಕೊಂಡು ಹರಿಯುವ ನೀಲಿ ಸಿರೆಯೇ ಹೊರತು ಒಂಟಿ ಗಂಟಲ್ಲ. ಅದರಲ್ಲಿ ಸಿರೆ ಸಂಕೋಚಗೊಳ್ಳುವುದಿಲ್ಲ, ಹಿಗ್ಗುತ್ತದೆ. ಒಣಗುವುದಿಲ್ಲ, ರಕ್ತದಿಂದ ತುಂಬಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಸಾಧ್ಯಾಸಾಧ್ಯ ವಿಚಾರ. ನೋವಿಲ್ಲದ ಉಬ್ಬುಸಿರೆ ಆ ರೋಗದ ಅತಿ ಸೌಮ್ಯವಾದ ರೂಪ. ಇಂದಿನ ವೈದ್ಯರು ಅನೇಕ ವೇಳೆ ಅದಕ್ಕೆ ಚಿಕಿತ್ಸೆಯೇ ಬೇಡವೆಂದು ಹೇಳಿ ಕಳುಹಿಸುತ್ತಾರೆ. ಸುಶ್ರುತನಾದರೋ ನೋವಿಲ್ಲದಿರುವುದನ್ನು ಅಸಾಧ್ಯತೆಯ ಗುರುತುಗಳಲ್ಲಿ ಸೇರಿಸಿದ್ದಾನೆ. ಇಷ್ಟು ವೈದೃಶ್ಯಗಳಿರುವಾಗ ಎರಡೂ ಒಂದೇ ಎಂದು ಬರೆಯುವುದಕ್ಕೆ ಆಧಾರವೇನು?

ಆಧಾರವಿರುವುದು ವಾಗ್ಭಟನಲ್ಲಿ. ಅಷ್ಟಾಂಗಹೃದಯದ ಉತ್ತರಸ್ಥಾನ, ೨೯ನೆಯ ಅಧ್ಯಾಯದಲ್ಲಿ ಅವನು ಸುಶ್ರುತನ ಮಾತುಗಳನ್ನೇ ಎತ್ತಿಕೊಂಡು ಕೆಲವನ್ನು ಸೇರಿಸಿ, ಕೆಲವನ್ನು ಬಿಟ್ಟು, ಬೇರೆಯೇ ಒಂದು ಚಿತ್ರವನ್ನು ಕೊಡುತ್ತಾನೆ. ಅವನ ರೋಗಿ ಕಾಲ್ನಡಿಗೆಯವನು. ನಡೆದು ಬಳಲಿ ಒಮ್ಮೆಲೇ ನೀರಿಗಿಳಿದವನು ಅಥವಾ ಅತಿಶ್ರಮದಿಂದ ದಣಿದವನು. ಕೆಡುವುದು ‘ರಕ್ತಸಹಿತವಾದ’ ಸಿರಾಜಾಲ. ವಾಯು ಅದನ್ನು ಹಿಂಡಿ ಒಣಗಿಸುವುದರ ಜೊತೆಗೆ ‘ವಕ್ರ’ವನ್ನಾಗಿಯೂ ಮಾಡುತ್ತದೆ. ಉಂಟಾದ ಗಂಟು ನೀರುಜ, ಎಂದರೆ ನೋವಿಲ್ಲದ್ದು. ಮತ್ತು ನಿಃಸ್ಫುರ, ಎಂದರೆ ಮಿಡಿಯದಿರುವುದು. ಕಾಲು, ರಕ್ತ, ವಕ್ರತೆ ಈ ಮೂರೂ ಸೇರಿದಾಗ ಉಬ್ಬುಸಿರೆಯ ಸಾದೃಶ್ಯ ಸ್ಪಷ್ಟವಾಗುತ್ತದೆ. ಇಲ್ಲಿ ನೋವಿಲ್ಲದಿರುವುದು ರೋಗದ ಸಹಜಲಕ್ಷಣ. ಸುಶ್ರುತನಲ್ಲಿ ಅದೇ ಅಸಾಧ್ಯಲಕ್ಷಣ. ಇಬ್ಬರ ಮಾತನ್ನೂ ಒಂದೇ ಕೋಶದ ಒಂದೇ ಸಾಲಿನಲ್ಲಿ ಕಟ್ಟಿದರೆ ವಾಗ್ಭಟನು ಚಿಕಿತ್ಸೆ ಹೇಳಿದ ರೋಗಿಯನ್ನೆಲ್ಲ ಸುಶ್ರುತನ ಹೆಸರಿನಲ್ಲಿ ಕೈಬಿಡಬೇಕಾಗುತ್ತದೆ!

ನಿಃಸ್ಫುರ ಎಂಬ ವಿಶೇಷಣದ ಬೆಲೆಯನ್ನು ಪದಕೋಶಗಳು ಗಮನಿಸಿದಂತಿಲ್ಲ. ಸುಶ್ರುತನ ಮತದಲ್ಲಿ ಸಿರೆಗಳು ೭೦೦. ವಾತ, ಪಿತ್ತ, ಕಫ, ರಕ್ತಗಳನ್ನು ವಹಿಸುವ ೧೭೫ರಂತೆ ನಾಲ್ಕು ವರ್ಗಗಳು. ನೀಲವಾದುವೂ ಇವೆ, ಅರುಣವಾದುವೂ ಇವೆ. ಆದುದರಿಂದ ಸಿರಾ ಎಂದರೆ ಹೃದಯಕ್ಕೆ ರಕ್ತವನ್ನು ಮರಳಿಸುವ ನಾಳ ಮಾತ್ರವೆಂಬ ನಿಯಮ ಪ್ರಾಚೀನರಲ್ಲಿಲ್ಲ. ಆ ವಿಭಾಗವು ೧೬೨೮ರಲ್ಲಿ ಹಾರ್ವಿಯ ಗ್ರಂಥ ಪ್ರಕಟವಾದ ಮೇಲಿನದು. ಹೀಗಿರುವಾಗ ಸುಶ್ರುತನ ಸಿರಾಜಗ್ರಂಥಿಯು ಧಮನಿಯ ಉಬ್ಬನ್ನೂ ಒಳಗೊಂಡಿರಬಹುದು. ಮೊಣಕಾಲಿನ ಹಿಂಬದಿಯ ಧಮನಿಯಲ್ಲಿ ಅಂಥ ಉಬ್ಬು ಏಳುವುದುಂಟು. ಅದು ದುಂಡಗಿರುತ್ತದೆ, ಅನೇಕವೇಳೆ ನೋವಿರುವುದಿಲ್ಲ, ಬೆರಳಿಟ್ಟರೆ ಮಿಡಿಯುತ್ತದೆ. ಅದರೊಳಗೆ ರಕ್ತವು ಹೆಪ್ಪುಗಟ್ಟಿ ಕೆಳಗಿನ ನಾಳಗಳನ್ನು ಮುಚ್ಚಿದರೆ ಪಾದಕ್ಕೆ ರಕ್ತ ಹೋಗದೆ ಕಾಲನ್ನೇ ತೆಗೆಯಬೇಕಾದೀತು. ಆ ಸ್ಥಳವೇ ಜಾನುಮರ್ಮ. ದೊಡ್ಡದಾಗಿ, ಅಲುಗದೆ, ಮರ್ಮದಲ್ಲಿ ಎದ್ದ ನೋವಿಲ್ಲದ ಗಂಟನ್ನು ಮುಟ್ಟಬಾರದೆಂದು ಸುಶ್ರುತನು ಹೇಳಿದುದು ಇದನ್ನು ಕಂಡೇ ಎಂದು ಊಹಿಸಲು ಅವಕಾಶವಿದೆ. ಇದು ಊಹೆಯೇ, ಆದರೆ ಶ್ಲೋಕದ ಪ್ರತಿಯೊಂದು ಪದಕ್ಕೂ ಹೊಂದುವ ಊಹೆ. ಈ ಗಂಟನ್ನು ‘ಉಬ್ಬಿದ ನರ’ವೆಂದು ಓದಿಕೊಂಡು ಶಸ್ತ್ರವನ್ನು ತಾಗಿಸಿದರೆ ಹರಿಯುವುದು ಧಮನಿಯ ರಕ್ತ. ಮಿಡಿಯುವ ಗಂಟನ್ನು ಮಿಡಿಯದ ಗಂಟಿನಿಂದ ಬೇರ್ಪಡಿಸಿದ ವಾಗ್ಭಟನ ಒಂದು ಪದವು ತಾಡವೋಲೆಯ ಅಂಚು ಮುರಿದು ಲೋಪವಾಗಿದ್ದರೆ, ಅಥವಾ ಮೊದಲಕ್ಷರ ಅಳಿದು ‘ಸ್ಫುರ’ ಎಂದಷ್ಟೇ ಉಳಿದಿದ್ದರೆ, ಅರ್ಥವು ವಿಪರೀತವಾಗುತ್ತದೆ. ಸಂಪಾದಕರು ಪಾಠಾಂತರಗಳನ್ನು ಅಡಿಯಲ್ಲಿ ಕೊಡುವಾಗ ಇಂಥ ಪದವನ್ನು ‘ಲಿಪಿಕಾರನ ಅಲ್ಪದೋಷ’ದ ಪಟ್ಟಿಗೆ ತಳ್ಳಬಾರದು.

ಜೈನಾಚಾರ್ಯರ ಕೃತಿಗಳಿಗೆ ಬಂದರೆ, ಕ್ರಿ. ಶ. ೯ನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೇ ನಮ್ಮ ಮುಖ್ಯ ಆಕರ. ಪ್ರಾಣಾವಾಯ ಪೂರ್ವದ ಪರಂಪರೆಯಿಂದ ಬಂದುದೆಂದು ಆಚಾರ್ಯರೇ ಹೇಳಿಕೊಂಡ ಈ ಕೃತಿಯನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದಿ ಅನುವಾದದೊಡನೆ ಸಂಪಾದಿಸಿ ೧೯೪೦ರಲ್ಲಿ ಸೊಲ್ಲಾಪುರದಿಂದ ಬೆಳಕಿಗೆ ತಂದರು. ಆ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಸಿರಾಜಗ್ರಂಥಿಯಲ್ಲಿ ಆಚಾರ್ಯರು ಕೃಚ್ಛ್ರಸಾಧ್ಯ, ಅಸಾಧ್ಯ ಎಂಬ ಭೇದವನ್ನು ಹೇಳುವುದರಿಂದ ಅವರ ಹಾದಿ ಸುಶ್ರುತನದೆಂದು ತಿಳಿಯುತ್ತದೆ. ಆದುದರಿಂದ ಕಲ್ಯಾಣಕಾರಕದ ಈ ಸ್ಥಳಕ್ಕೆ ವಾಗ್ಭಟನಿಂದ ಎರವಲು ತಂದ ಅರ್ಥವನ್ನು ಹಚ್ಚುವುದು ಸಾಧುವಲ್ಲ. ಎರಡು ಪರಂಪರೆಗಳ ಭೇದವನ್ನು ಅಳಿಸಿ ‘ಆಯುರ್ವೇದದಲ್ಲಿ ಹೀಗಿದೆ’ ಎಂದು ಬರೆಯುವ ಪ್ರವೃತ್ತಿ ಈಚೆಗೆ ಹೆಚ್ಚಾಗಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಕನ್ನಡದ ಓಲೆಗಳಲ್ಲಿ ಇನ್ನೆರಡು ತೊಡಕುಗಳಿವೆ. ಸಿರಾ ಶಬ್ದವನ್ನು ಶಿರಾ ಎಂದು ತಾಲವ್ಯದಿಂದ ಬರೆಯುವುದೂ ಉಂಟು. ಶಕಾರವು ತದ್ಭವದಲ್ಲಿ ಸಕಾರವಾಗುವುದು ಕನ್ನಡದ ನಿಯಮವಾದುದರಿಂದ ತಲೆಯ ಅರ್ಥದ ಶಿರವೂ ‘ಸಿರ’ವಾಗುತ್ತದೆ, ನಾಳದ ಅರ್ಥದ ಶಿರೆಯೂ ಅದಕ್ಕೆ ತೀರ ಹತ್ತಿರದ ರೂಪವನ್ನು ತಾಳುತ್ತದೆ. ದೀರ್ಘಸ್ವರಗಳ ಗುರುತು ಸವೆದ ಓಲೆಯಲ್ಲಿ ಕಾಲಿನ ಗಂಟು ತಲೆಯ ಗಂಟಾಗುವುದು ಕಷ್ಟವಲ್ಲ. ಇದಕ್ಕಿಂತ ದೊಡ್ಡ ತೊಡಕು ‘ನರ’ ಎಂಬ ಪದದ್ದು. ಕನ್ನಡಿಗರ ಬಾಯಲ್ಲಿ ನರವೆಂದರೆ ಸಿರೆ, ಸ್ನಾಯುವೂ ನರವೇ, ಮಿದುಳಿನಿಂದ ಹೊರಡುವ ತಂತುವೂ ನರವೇ. ಕಾಲಿನ ಸಿರೆ ಉಬ್ಬಿದವರು ‘ನರದ ಡಾಕ್ಟರ’ನ್ನು ಹುಡುಕಿಕೊಂಡು ಹೋಗಿ, ಅಲ್ಲಿಂದ ರಕ್ತನಾಳಗಳ ಶಸ್ತ್ರವೈದ್ಯರಲ್ಲಿಗೆ ಕಳುಹಿಸಲ್ಪಡುವುದು ಇಂದಿಗೂ ನಡೆಯುವ ಸಂಗತಿ. ಮೂಲದಲ್ಲಿ ಸಿರಾ, ಸ್ನಾಯು, ಧಮನಿ ಎಂದು ಮೂರು ಬೇರೆ ಪದಗಳಿರುವಲ್ಲಿ ಟೀಕೆಯು ಮೂರಕ್ಕೂ ‘ನರ’ವೆಂದೇ ಬರೆದಿದ್ದರೆ, ಸಂಪಾದಕನು ಮೂಲದ ಪದವನ್ನು ಆವರಣದಲ್ಲಿ ಉಳಿಸಿಕೊಡುವುದು ಅವಶ್ಯ.

ಚಿಕಿತ್ಸೆಯ ಭಾಗದಲ್ಲಿ ವಾಗ್ಭಟನ ಕ್ರಮವು ಗಮನಾರ್ಹವಾಗಿದೆ. ಸಿರಾಗ್ರಂಥಿ ‘ನವ’ವಾಗಿದ್ದರೆ ಸಹಚರದ ತೈಲವನ್ನು ಕುಡಿಸಬೇಕು, ವಾತಹರ ದ್ರವ್ಯಗಳ ಉಪನಾಹ, ಬಸ್ತಿಕರ್ಮ, ಕೊನೆಗೆ ಸಿರಾವ್ಯಧ. ಸಹಚರವೆಂದರೆ ನಮ್ಮ ಗೋರಂಟೆ. ಈ ತೈಲವು ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಉಬ್ಬುಸಿರೆಗೆಂದು ಮಾರಾಟವಾಗುತ್ತದೆ. ಆದರೆ ‘ನವ’ ಎಂಬ ವಿಶೇಷಣ ಮಾತ್ರ ಅನುವಾದಗಳ ದಾರಿಯಲ್ಲಿ ಎಲ್ಲಿಯೋ ಉದುರಿಹೋಗಿದೆ. ಇಪ್ಪತ್ತು ವರ್ಷಗಳಿಂದ ಸಿರೆ ಉಬ್ಬಿ, ಹರಡಿನ ಬಳಿ ಚರ್ಮ ಕಪ್ಪಾಗಿ, ಹುಣ್ಣು ಒಡೆದವನಿಗೆ ಗ್ರಂಥವು ಈ ತೈಲವನ್ನು ಹೇಳಿಲ್ಲ.

ಹುಣ್ಣು ಏಕೆ ಒಡೆಯುತ್ತದೆಂಬುದನ್ನು ಇಂದಿನ ಶಾಸ್ತ್ರವು ಸ್ಪಷ್ಟಪಡಿಸಿದೆ. ಕಾಲಿನ ಸಿರೆಗಳಲ್ಲಿ ರಕ್ತವನ್ನು ಮೇಲಕ್ಕೆ ಮಾತ್ರ ಬಿಡುವ ಕವಾಟಗಳಿವೆ. ಫ್ಯಾಬ್ರೀಸಿಯಸನು ೧೬೦೩ರಲ್ಲಿ ಅವುಗಳ ಮೇಲೆಯೇ ಒಂದು ಪುಸ್ತಕವನ್ನು ಪ್ರಕಟಿಸಿದನು. ನಡೆಯುವಾಗ ಮೀನಖಂಡದ ಮಾಂಸವು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕವಾಟಗಳು ಸಡಿಲವಾದರೆ ರಕ್ತವು ಕೆಳಗಿಳಿದು ಒತ್ತಡ ಹೆಚ್ಚಿ, ಸಿರೆ ಹಿಗ್ಗಿ ಸುತ್ತಿಕೊಳ್ಳುತ್ತದೆ. ವಂಶದ ಗುಣ, ಬಸಿರು, ಬಹುಕಾಲ ನಿಂತೇ ಮಾಡುವ ಕೆಲಸ ಇವು ಕಾರಣಗಳಲ್ಲಿ ಸೇರಿವೆ. ಡಾಪ್ಲರ್ ಸ್ಕ್ಯಾನಿನಿಂದ ಯಾವ ಕವಾಟ ಕೆಟ್ಟಿದೆಯೆಂದು ನೋಡಿ, ಆ ಸಿರೆಯನ್ನು ಲೇಸರಿನ ಅಥವಾ ರೇಡಿಯೋ ತರಂಗದ ಶಾಖದಿಂದ ಒಳಗಿನಿಂದಲೇ ಮುಚ್ಚುವುದು ಈಗಿನ ಮೊದಲ ಆಯ್ಕೆ. ಅದಾಗದಿದ್ದರೆ ನೊರೆಯ ಔಷಧಿಯನ್ನು ಚುಚ್ಚುವುದು. ಅದೂ ಆಗದಿದ್ದರೆ ಶಸ್ತ್ರಕ್ರಿಯೆ. ಬ್ರಿಟನ್ನಿನಲ್ಲಿ ೨೦೧೩ರ ಮಾರ್ಗಸೂಚಿ ಈ ಕ್ರಮವನ್ನೇ ಹೇಳಿತು. ಹುಣ್ಣಿದ್ದವರಲ್ಲಿ ಬಿಗಿಪಟ್ಟಿಯ ಜೊತೆಗೆ ಸಿರೆಯನ್ನೂ ಬೇಗನೆ ಮುಚ್ಚಿದರೆ ಹುಣ್ಣು ಮಾಯಲು ೫೬ ದಿನಗಳೂ, ತಡಮಾಡಿದರೆ ೮೨ ದಿನಗಳೂ ಹಿಡಿದವೆಂದು ೨೦೧೮ರಲ್ಲಿ ಪ್ರಕಟವಾದ, ೪೫೦ ರೋಗಿಗಳ ಅಧ್ಯಯನವೊಂದು ಮಧ್ಯಾಂಕದ ಲೆಕ್ಕದಲ್ಲಿ ತೋರಿಸಿದೆ.

ಬಿಗಿಪಟ್ಟಿಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು, ಮತ್ತು ಇಲ್ಲಿಯೂ ಪದದ ಗೊಂದಲವೇ ಅಪಾಯಕ್ಕೆ ಮೂಲ. ಸಿರೆಯ ದೋಷಕ್ಕೆ ಪಾದದಿಂದ ಮೊಣಕಾಲಿನವರೆಗೆ ಬಿಗಿಯುವುದು ಹಿತ. ಧಮನಿಯೇ ಕಿರಿದಾಗಿ ಪಾದಕ್ಕೆ ರಕ್ತ ಸಾಲದಿರುವಾಗ ಅದೇ ಬಿಗಿತವು ಚರ್ಮವನ್ನು ಕೊಳೆಯಿಸುತ್ತದೆ. ಬೀಡಿ, ಸಿಗರೇಟು ಸೇದುವ ತರುಣರಲ್ಲಿ ಕಾಣುವ, ೧೯೦೮ರಲ್ಲಿ ಬರ್ಗರನು ವಿವರಿಸಿದ ರೋಗ ಇಂಥದು. ತಂಬಾಕನ್ನು ಪೂರ್ತಿ ಬಿಡುವುದೇ ಅದಕ್ಕೆ ಮೊದಲ ಚಿಕಿತ್ಸೆ. ಕಾಲಿನ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿ ಒಂದೇ ಕಾಲು ಹಠಾತ್ತನೆ ಬಾತು ನೋಯುವುದು ಮತ್ತೊಂದು. ಆ ಹೆಪ್ಪು ಪುಪ್ಪುಸಕ್ಕೆ ಏರಿದರೆ ಪ್ರಾಣಕ್ಕೇ ಸಂಚಕಾರ. ನಿಂತ ಹಳೆಯ ನೀರಿನ, ಸದಾ ತಣ್ಣಗಿರುವ ನಾಡಿನಲ್ಲಿ ಹುಟ್ಟುತ್ತದೆಂದು ಸುಶ್ರುತನು ಹೇಳಿದ ಶ್ಲೀಪದ, ನಮ್ಮ ಆನೆಕಾಲು, ಇವೆಲ್ಲಕ್ಕಿಂತ ಬೇರೆ. ‘ಕಾಲಿನ ನರದ ಬೇನೆ’ ಎಂಬ ಒಂದೇ ಹೆಸರಿನಡಿ ಇವನ್ನೆಲ್ಲ ತುಂಬುವ ಕೋಶದಿಂದ ಓದುಗನಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ರಕ್ತಮೋಕ್ಷಣದಲ್ಲಿ ಪ್ರಾಚೀನರಿಗಿದ್ದ ಭಯವನ್ನೂ ಗಮನಿಸಬೇಕು. ಒಂದು ಕಾಲಿನ ನೂರು ಸಿರೆಗಳಲ್ಲಿ ನಾಲ್ಕನ್ನು ಚುಚ್ಚಲೇಬಾರದೆಂದು ಸುಶ್ರುತನ ವಿಧಿ: ಜಾಲಧರೆ ಒಂದು, ಊರ್ವಿ ಎರಡು, ಲೋಹಿತಾಕ್ಷ ಒಂದು. ಕಲ್ಯಾಣಕಾರಕವೂ ಜಿಗಣೆಗಳಲ್ಲಿ ವಿಷವುಳ್ಳವು, ವಿಷವಿಲ್ಲದವು ಎಂಬ ಭೇದವನ್ನೂ ಅವನ್ನು ಸಾಕುವ ಕ್ರಮವನ್ನೂ ವಿವರಿಸುತ್ತದೆ. ಮಾಂಸವನ್ನು ಔಷಧವೆಂದೂ ಒಪ್ಪದೆ ಹಿತಾಹಿತಾಧ್ಯಾಯದಲ್ಲಿ ಅದನ್ನು ಖಂಡಿಸಿದ ಆಚಾರ್ಯರು ಜಿಗಣೆಯನ್ನು ಹೇಗೆ ಒಪ್ಪಿದರೆಂದು ಕೇಳುವವರಿದ್ದಾರೆ. ಪ್ರಮಾದಯೋಗದಿಂದ ಪ್ರಾಣಹರಣವಾಗುವುದೇ ಹಿಂಸೆಯೆಂಬ ಲಕ್ಷಣವನ್ನು ಬಲ್ಲವರಿಗೆ ಇದು ದೊಡ್ಡ ಪ್ರಶ್ನೆಯಲ್ಲ: ಸಾಕುವ ಕ್ರಮವನ್ನು ಹೇಳಿದುದು ಆ ಜೀವವನ್ನು ಉಳಿಸಿಕೊಳ್ಳುವುದಕ್ಕಾಗಿ. ಪ್ರಮಾದವನ್ನು ಹುಡುಕುವುದಾದರೆ ಜಿಗಣೆಯ ಕೊಡದಲ್ಲಿ ಹುಡುಕುವುದಕ್ಕಿಂತ, ಮೂಲವನ್ನು ನೋಡದೆ ಬರೆದ ಪದಾರ್ಥದಲ್ಲಿ ಹುಡುಕುವುದು ಮೇಲು.

ಮುಂದಿನ ಮುದ್ರಣಗಳಲ್ಲಿ ಈ ಪದಕ್ಕೆ ಎರಡು ನಮೂದುಗಳಿರಬೇಕು. ಸುಶ್ರುತನನ್ನು ಅನುಸರಿಸುವ ಗ್ರಂಥಗಳಲ್ಲಿ: ‘ರಕ್ತನಾಳದಿಂದ ಬೇಗನೆ ಏಳುವ ದುಂಡು ಗಂಟು, ಧಮನಿಯದೂ ಆಗಿರಬಹುದು’. ವಾಗ್ಭಟನನ್ನು ಅನುಸರಿಸುವಲ್ಲಿ: ‘ಮಿಡಿಯದ, ನೋಯದ, ಡೊಂಕಾದ ಸಿರೆಯ ಗಂಟು, ಕಾಲಿನ ಉಬ್ಬುಸಿರೆಗೆ ಸಮೀಪ’. ಕ್ರಿ. ಶ. ೧೨ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದ ಓಲೆಗಳನ್ನು ಪರಿಶೀಲಿಸುವವರು ಅವನು ಈ ಎರಡರಲ್ಲಿ ಯಾವುದನ್ನು ಹಿಡಿದಿದ್ದಾನೆಂದು ಮೊದಲು ನೋಡಬೇಕು. ಉಗ್ರಾದಿತ್ಯರು ತಮಗಿಂತ ಹಿಂದಿನ ಶಲ್ಯತಂತ್ರಕಾರರೆಂದು ಸ್ಮರಿಸಿರುವ ಪಾತ್ರಸ್ವಾಮಿಗಳ ಕೃತಿ ಇಂದಿಗೂ ದೊರೆತಿಲ್ಲ. ಯಾವುದಾದರೊಂದು ಬಸದಿಯ ಕಟ್ಟಿನಲ್ಲಿ ಅದರ ಒಂದೆರಡು ಗರಿಗಳು ಸಿಕ್ಕಿದರೂ, ಗ್ರಂಥಿಪ್ರಕರಣದಲ್ಲಿ ಮಿಡಿತದ ಮಾತು ಇದೆಯೇ ಇಲ್ಲವೇ ಎಂಬುದೊಂದರಿಂದಲೇ ಜೈನ ಶಲ್ಯಪರಂಪರೆಯ ಹಾದಿ ಯಾವುದೆಂದು ನಿರ್ಣಯಿಸಲು ಸಹಾಯವಾದೀತು.