ಕಾರು ನೋಡುವ ಮುನ್ನ ಕಂಬ ನೋಡಿ

ಕಂಪ್ಯೂಟರಿನಲ್ಲಿ ಬರೆದ ಕಾರಿನ ಚಿತ್ರವೊಂದನ್ನು ಯಾರಿಗಾದರೂ ತೋರಿಸಿ. ಮೊದಲ ಮಾತು, "ಥೇಟ್ ಫೋಟೋ ಇದ್ದ ಹಾಗಿದೆಯಲ್ಲ!" ಎರಡನೆಯದು, "ಯಾವ ಕಂಪನಿದು?" ಸಾರಿನ ಸುದ್ದಿ ಎತ್ತದೆ ಒಗ್ಗರಣೆಯನ್ನಷ್ಟೇ ಹೊಗಳಿದರೆ ಅಡುಗೆಯವರಿಗೆ ಹೇಗಾಗುತ್ತದೋ, ಎಲ್ಲೂ ಇಲ್ಲದ ಕಾರನ್ನು ಕಲ್ಪಿಸಿ ಬರೆದವರಿಗೂ ಹಾಗೇ ಆಗುತ್ತದೆ. ಕಣ್ಣು ಎಲ್ಲಿ ನಿಲ್ಲಬೇಕು ಎಂದು ಕಲಿಯಲು ಮೋಟಾರು ಮೇಳಕ್ಕೆ ಹೋಗಬೇಕಾಗಿಲ್ಲ. ಬೆಳಗಿನ ರೈಲಿಗೆ ಅರಸೀಕೆರೆಯಲ್ಲಿಳಿದು ಒಂದು ಟ್ಯಾಕ್ಸಿ ಮಾತಾಡಿಕೊಂಡರೆ ಸಾಕು, ಸಂಜೆಯೊಳಗೆ ಪಾಠ ಮುಗಿಯುತ್ತದೆ.

ಮೊದಲು ಅರಸೀಕೆರೆಯ ಈಶ್ವರ ದೇವಸ್ಥಾನ. 1220ರ ಸುಮಾರಿನದು. ಬೇಲೂರಿಗೆ ಓಡುವ ಅವಸರದಲ್ಲಿ ಜನ ಇದನ್ನು ಬಿಟ್ಟೇ ಹೋಗುತ್ತಾರೆ, ಹಾಗಾಗಿ ನಿಧಾನವಾಗಿ ನೋಡಬಹುದು. ಅದರ ತಳವಿನ್ಯಾಸ ನಕ್ಷತ್ರದ್ದು. ಇಂಥ ನಕ್ಷತ್ರದ ಮೂಲಸೂತ್ರ ಸರಳ: ಕಾಗದದ ಮೇಲೊಂದು ಚೌಕ ಬರೆದು, ನಡುವಿಗೆ ಗುಂಡುಪಿನ್ನು ಚುಚ್ಚಿ, ಇಪ್ಪತ್ತೆರಡೂವರೆ ಡಿಗ್ರಿಯಂತೆ ಮೂರು ಸಲ ತಿರುಗಿಸಿ ಗೀಟೆಳೆದರೆ ಹದಿನಾರು ಮೂಲೆ ಮೂಡುತ್ತವೆ. ಕಾರಿನ ಅಲಾಯ್ ಚಕ್ರವನ್ನು ಪರದೆಯ ಮೇಲೆ ಬರೆಯುವವರು ಮಾಡುವುದೂ ಇದನ್ನೇ. ಒಂದೇ ಒಂದು ಕಡ್ಡಿ ಬರೆದು, ನಡುಬಿಂದುವಿನ ಸುತ್ತ ತಿರುಗಿಸಿ ನಕಲಿಸುತ್ತಾರೆ.

ಆದರೆ ಲೆಕ್ಕಕ್ಕೆ ಮರುಳಾಗಬೇಡಿ. ಕಣ್ಣು ಅರೆ ಮುಚ್ಚಿ ಗೋಡೆ ನೋಡಿ. ಒಂದೊಂದು ಮೂಲೆಯಲ್ಲೂ ಒಂದು ಮೈಗೆ ಬಿಸಿಲು, ಪಕ್ಕದ್ದಕ್ಕೆ ನೆರಳು. ಬಣ್ಣವೇ ಬಳಿಯದ ಕಲ್ಲಿಗೆ ಪಟ್ಟೆ ಪಟ್ಟೆ ಸೀರೆ ಉಡಿಸಿದಂತೆ! ಕಾರಿನ ಬಾಗಿಲ ಮೇಲೆ ಉದ್ದಕ್ಕೆ ಓಡುವ ಮಡಿಕೆಯೂ ಇದೇ ಕೆಲಸ ಮಾಡುತ್ತದೆ: ಮೇಲಿನ ಮೈ ಆಕಾಶ ಹಿಡಿಯುತ್ತದೆ, ಕೆಳಗಿನದು ನೆಲ. ಚಿತ್ರದಲ್ಲಿ ಆ ಮಡಿಕೆಯ ಎರಡೂ ಬದಿಗೆ ಒಂದೇ ಹೊಳಪಿದ್ದರೆ ಅದು ಮಡಿಕೆಯಲ್ಲ, ಬರೀ ಗೀಟು.

ಬೇಲೂರಿನಲ್ಲಿ ಶಿಲಾಬಾಲಿಕೆಯರ ಆಭರಣ ಎಣಿಸುವುದನ್ನು ಬೇರೆಯವರಿಗೆ ಬಿಡಿ. ಭಾರ ಯಾವ ಕಾಲಿನ ಮೇಲಿದೆ, ಸೊಂಟ ಯಾವ ಕಡೆ ವಾಲಿದೆ ಎಂದಷ್ಟೇ ನೋಡಿ. ಕಾರಿಗೂ ನಿಲುವು ಎಂಬುದುಂಟು. ವಿನ್ಯಾಸಕಾರರು ಸಾಮಾನ್ಯವಾಗಿ ಮೊದಲು ಎರಡು ಚಕ್ರ ಬರೆಯುತ್ತಾರೆ, ನಡುವೆ ಅಂಥವೇ ಮೂರು ಚಕ್ರ ಹಿಡಿಯುವಷ್ಟು ಜಾಗ ಬಿಡುತ್ತಾರೆ, ಆಮೇಲೆ ಮೈ. ಮುಂಚಕ್ರಕ್ಕೂ ಮುಂಬಾಗಿಲಿಗೂ ನಡುವೆ ಅಂತರ ಹೆಚ್ಚಿದ್ದರೆ ಭಾರ ಹಿಂದಕ್ಕೆ ಸರಿದಂತೆ, ಹಿಂದಿನ ಕಾಲೂರಿ ಜಿಗಿಯುವ ಕುದುರೆಯಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರು ನೆನಪಿದೆಯೆ? ಗಲ್ಲಿಯಲ್ಲಿ ತೂರುವುದಕ್ಕೆ ಮೋಟುಮೈ ಅದಕ್ಕೆ ಬೇಕೇ ಇತ್ತು, ಒಪ್ಪುತ್ತೇನೆ. ನಿಲುವು ಮಾತ್ರ ಕುರ್ಚಿಯ ಮೇಲೆ ಕೂರಿಸಿದ ಮಗುವಿನದು. ಮತ್ತೆ ಬೇಲೂರಿಗೆ ಬಂದರೆ, ಶಿಲ್ಪಿಗಳಾದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಚಿತ್ರದ ಮೂಲೆಯಲ್ಲಿ ಸಹಿ ಹಾಕುವ ಹುಡುಗರನ್ನು ಕಂಡು ಮೂಗು ಮುರಿಯುವವರು ಅದನ್ನೂ ಒಮ್ಮೆ ನೋಡಲಿ.

ಹಳೇಬೀಡಿನ ಆನೆ, ಸಿಂಹ, ಕುದುರೆಗಳ ಸಾಲು ಎಲ್ಲರೂ ತೋರಿಸುವಂಥದ್ದು. ನಮಗೆ ಬೇಕಾದದ್ದು ಹತ್ತಿರದ ಬಸ್ತಿಹಳ್ಳಿಯಲ್ಲಿದೆ. ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ. ಒಳಗೆ ಕಡೆದು ನುಣುಪಾಗಿಸಿದ ಕರಿಗಂಬಗಳು, ಕನ್ನಡಿಯಂತೆ. ನಿಂತು ಕೈ ಎತ್ತಿದರೆ ಕಂಬದೊಳಗೆ ನಿಮ್ಮ ಕೈ ಬಳ್ಳಿಯಾಗುತ್ತದೆ. ಒಂದು ಹೆಜ್ಜೆ ಪಕ್ಕಕ್ಕಿಡಿ. ಬಾಗಿಲ ಬೆಳಕು ಕಂಬದ ಮೈಮೇಲೆ ಗೆರೆಯಾಗಿ ನಿಮ್ಮ ಜೊತೆಗೇ ಜಾರುತ್ತದೆ. ಉಬ್ಬು ಬಂದಲ್ಲಿ ತೆಳುವಾಗಿ, ತಗ್ಗು ಬಂದಲ್ಲಿ ಅಗಲವಾಗಿ, ಎಲ್ಲೂ ತುಂಡಾಗದೆ.

ನಾನು ವರ್ಷಗಟ್ಟಲೆ ಪರದೆಯ ಮೇಲೆ ಕಾರು ಬರೆದೆ. ಎಲ್ಲವೂ ಸಾಬೂನಿನ ಡಬ್ಬಿಯಂತೆ ಬರುತ್ತಿದ್ದವು. ಹೊಳಪು ಸಾಲದೆಂದು ಬಿಳಿ ಬಣ್ಣ ಸುರಿದದ್ದೇ ಸುರಿದದ್ದು. ಈ ಕಂಬದ ಮುಂದೆ ತಿಳಿಯಿತು: ಹೊಳಪನ್ನು ಬಳಿಯುವುದಲ್ಲ, ಮೈ ಹೇಗೆ ಬಾಗಿದೆಯೋ ಹಾಗೆ ಬೆಳಕನ್ನೂ ಬಾಗಿಸುವುದು. ಕಾರು ಕಂಪನಿಗಳಲ್ಲಿ ಕಂಪ್ಯೂಟರಿನ ಮಾದರಿಗೆ ಕಪ್ಪು ಬಿಳುಪಿನ ಜೀಬ್ರಾ ಪಟ್ಟೆ ಹಾಯಿಸಿ ಪರೀಕ್ಷೆ ಮಾಡುತ್ತಾರೆ. ಪಟ್ಟೆ ಎಲ್ಲಿ ಮುರಿಯಿತೋ ಅಲ್ಲಿ ಮೈ ಕೆಟ್ಟಿದೆ ಎಂದರ್ಥ. ಚಿತ್ರ ನೋಡುವಾಗ ನೀವೂ ಅಷ್ಟೇ ಮಾಡಿ. ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ ಒಂದೇ ಒಂದು ಬೆಳಕಿನ ಗೆರೆಯ ಬೆನ್ನು ಹತ್ತಿ. ಅದು ಬಾಗಿಲ ಸಂದು ದಾಟಿ, ಚಕ್ರದ ಕಮಾನು ಹತ್ತಿ ಇಳಿದು, ಕೊನೆ ಮುಟ್ಟಿದರೆ ಬರೆದವರಿಗೆ ಕೈ ಮುಗಿಯಿರಿ. ಗ್ರಿಲ್ಲು, ಸ್ಟಿಕ್ಕರು, ಹಿನ್ನೆಲೆಯ ಸೂರ್ಯಾಸ್ತ ಎಲ್ಲ ಆಮೇಲೆ.

ಮೊನ್ನೆ ಬಸದಿಯಿಂದ ಹೊರಬಂದಾಗ ಡ್ರೈವರು ಬಿಳಿ ಟ್ಯಾಕ್ಸಿ ಒರೆಸುತ್ತಿದ್ದರು. ಎದುರಿನ ತೆಂಗಿನಮರ ಮುಂದಿನ ಬಾಗಿಲಲ್ಲಿ ನೆಟ್ಟಗಿತ್ತು, ಹಿಂದಿನದರಲ್ಲಿ ಸೊಂಟ ಮುರಿದುಕೊಂಡಿತ್ತು.

"ಈ ಬಾಗಿಲಿಗೆ ಏನೋ ತಗುಲಿತ್ತಾ?" ಎಂದೆ.

ಅವರು ಬಟ್ಟೆ ಹಿಡಿದ ಕೈ ನಿಲ್ಲಿಸಿದರು. "ಟಿಂಕರಿಂಗ್ ಮಾಡ್ಸಿ, ಪೇಂಟ್ ಹೊಡ್ಸಿ ಎರಡು ವರ್ಷ ಆಯ್ತು ಸಾರ್. ನಮ್ಮ ಓನರಿಗೇ ಗೊತ್ತಿಲ್ಲ."