ವಾಲಿಗೆ ಮಾತುಂಟು, ರುಮೆಗಿಲ್ಲ

ವಾಲಿವಧೆಯ ತಾಳಮದ್ದಳೆ ಬಿಸಿಯೇರುವುದು ವಾಲಿಗೆ ಬಾಣ ತಗಲಿದ ಮೇಲೆ. ಕಾಳಗ ಮುಗಿದಿದೆ, ಬಿದ್ದವನು ಇನ್ನು ಏಳುವುದಿಲ್ಲ ಎಂಬುದು ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತು. ಆದರೂ ಮಡಂತ್ಯಾರು, ಪುಂಜಾಲಕಟ್ಟೆ, ಗುರುವಾಯನಕೆರೆ ಕಡೆಯ ಮಳೆಗಾಲದ ಕೂಟಗಳಲ್ಲಿ ಹೊರಗೆ ಚಹಾ ಕುಡಿಯುತ್ತ ನಿಂತವರು ಒಳಗೆ ಬಂದು ಕೂರುವುದು ಆಗಲೇ. ಭಾಗವತರ ಪದ್ಯ ಮುಗಿದು ಚೆಂಡೆ ಮದ್ದಳೆ ನಿಂತಾಗ, ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಶಾಲಿನಲ್ಲಿ ಕುಳಿತು ವಾಲಿಯ ಮಾತಾಡುವ ಅರ್ಥಧಾರಿ ಎದುರಿನ ರಾಮನತ್ತ ತಿರುಗುತ್ತಾರೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಏನು ಹಗೆ? ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ ಎನ್ನುತ್ತಾನೆ ರಾಮ. ಮನುಷ್ಯರ ಶಾಸ್ತ್ರ ಕಪಿಗೆ ಹೇಗೆ ಅನ್ವಯಿಸೀತು? ಹಾಗಾದರೆ ನೀನು ಮೃಗ, ಬೇಟೆಗಾರ ಮೃಗವನ್ನು ಮರೆಯಿಂದ ಹೊಡೆಯಬಹುದು ಎನ್ನುತ್ತಾನೆ ರಾಮ. ಈ ಉತ್ತರಕ್ಕಾಗಿಯೇ ವಾಲಿಯ ಅರ್ಥಧಾರಿ ಕಾದಿರುತ್ತಾರೆ. ನಾನು ಮೃಗವಾದರೆ ರುಮೆಯ ವಿಚಾರ ನಿನಗೇಕೆ? ರುಮೆಯ ವಿಚಾರಕ್ಕೆ ಬಂದವನಾದರೆ ಬೇಟೆಯ ನೆಪವೇಕೆ?

ಚಪ್ಪಾಳೆ ಬೀಳುವುದು ಇಲ್ಲಿ. ರಾಮಭಕ್ತರೂ ತಟ್ಟುತ್ತಾರೆ.

ಈ ತರ್ಕದ ಬೇರು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲೇ ಇದೆ. ತಾಳಮದ್ದಳೆ ಮಾಡಿದ ಹೆಚ್ಚಿನ ಕೆಲಸವೆಂದರೆ ಒಂದೊಂದು ಪಾತ್ರವನ್ನೂ ಒಬ್ಬೊಬ್ಬ ಮನುಷ್ಯನ ಕೈಗೆ ಕೊಟ್ಟು, ಇವನ ಪರವಾಗಿ ಈಗ, ಇಲ್ಲಿ, ಎದುರಾಳಿಯ ಸಮ್ಮುಖದಲ್ಲಿ ನಿಲ್ಲು ಎಂದದ್ದು. ಪದ್ಯ ಬರೆದಿಟ್ಟದ್ದು, ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣ ಪ್ರಸಂಗಗಳನ್ನು ಇಂದಿಗೂ ಹಾಡುತ್ತೇವೆ. ಗದ್ಯ ಮಾತ್ರ ಆ ರಾತ್ರಿಯದ್ದು. ಇಂದು ವಾಲಿಯಾದವರು ನಾಳೆ ಇನ್ನೊಂದು ಊರಲ್ಲಿ ರಾಮನಾಗುತ್ತಾರೆ. ನಿನ್ನೆ ತಾವೇ ಎತ್ತಿದ ಪ್ರಶ್ನೆಗೆ ಇಂದು ತಾವೇ ಉತ್ತರ ಹುಡುಕಬೇಕು. ಕಥೆಯೊಂದನ್ನು ಎಲ್ಲ ಕಡೆಯಿಂದ ನೋಡುವ ಅಭ್ಯಾಸ ಇದಕ್ಕಿಂತ ಕಠಿಣವಾಗಿ ಬೇರೆಲ್ಲಿಯಾದರೂ ನಡೆಯುತ್ತದೆಯೇ ಎಂದು ಕೇಳಿದರೆ, ಈಗ ವಿಡಿಯೊ ಗೇಮ್‌ಗಳತ್ತ ನೋಡಬೇಕಾಗುತ್ತದೆ.

2020ರಲ್ಲಿ ಬಂದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಡಿದವರಿಗೆ ಗೊತ್ತು. ಮೊದಲ ಗೇಮಿನಲ್ಲಿ ನಾವೇ ಆಡಿ, ನಡೆಸಿ, ಬದುಕಿಸಿಕೊಂಡ ಜೋಯೆಲ್‌ನನ್ನು ಆ್ಯಬಿ ಎಂಬವಳು ಬಡಿದು ಕೊಲ್ಲುತ್ತಾಳೆ. ಸೇಡು ತೀರಿಸಲು ಹೊರಟ ‘ಎಲ್ಲಿ’ ಎಂಬ ಹುಡುಗಿಯಾಗಿ ಸಿಯಾಟಲ್ ನಗರದಲ್ಲಿ ಮೂರು ದಿನ ಅಲೆಯುತ್ತೇವೆ. ಕೊನೆಗೆ ಇಬ್ಬರೂ ಎದುರುಬದುರಾದರು ಎನ್ನುವಾಗ ಕಥೆ ಹಿಂದಕ್ಕೆ ಸರಿದು, ಅದೇ ಮೂರು ದಿನಗಳನ್ನು ಆ್ಯಬಿಯಾಗಿ ಆಡಬೇಕಾಗುತ್ತದೆ. ಅವಳಿಗೂ ತಂದೆಯಿದ್ದ, ಅವನನ್ನು ಕೊಂದವನು ಜೋಯೆಲ್. ಅವಳಿಗೂ ಗೆಳೆಯರಿದ್ದಾರೆ, ಅವಳ ಬಿಡಾರದಲ್ಲಿ ಮುದ್ದಿಸಲು ನಾಯಿಗಳಿವೆ. ಆಗಲೇ ಎಲ್ಲಿಯ ಕೈಯಲ್ಲಿ ನಾವು ಕೊಂದುಬಿಟ್ಟಿದ್ದವರು ಇಲ್ಲಿ ನಗುತ್ತ ಊಟಕ್ಕೆ ಕೂತಿರುತ್ತಾರೆ. ಬಿಡುಗಡೆಯಾದಾಗ ಅನೇಕ ಆಟಗಾರರು ಸಿಟ್ಟಿನಿಂದ ಕೂಗಾಡಿದರು: ಇವಳಾಗಿ ನಾವೇಕೆ ಆಡಬೇಕು?

‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆಯುಬ್ಬಿಸುವವರು ನಮ್ಮ ಜಿಲ್ಲೆಯಲ್ಲಿ ಸಾಕಷ್ಟಿದ್ದಾರೆ, ಅವರ ಸಾಲಿಗೆ ನಾನೊಬ್ಬ ಸೇರಬೇಕಾಗಿಲ್ಲ. ಇದ್ದದ್ದು ನಿಜ. ಏನಿತ್ತು, ಎಷ್ಟಿತ್ತು, ಎಲ್ಲಿ ನಿಂತುಬಿಟ್ಟಿತು ಎಂದು ಯಾರೂ ಕೇಳುವುದಿಲ್ಲ.

ಇದ್ದದ್ದೇನು ಎಂಬುದಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ಸಾಕು. ವಾಲಿ, ರಾವಣ, ಮಾಗಧ, ಕೌರವ ಮುಂತಾದ ಪ್ರತಿನಾಯಕರನ್ನು ಅವರು ಖಳರ ಸಾಲಿನಿಂದ ಎಬ್ಬಿಸಿ ಎದುರು ಪಕ್ಷದ ಗಣ್ಯರನ್ನಾಗಿ ಕೂರಿಸಿದರು. ವಾದವನ್ನು ಒಂದೊಂದೇ ಕಲ್ಲು ಕಟ್ಟಿದ ಹಾಗೆ ಕಟ್ಟುತ್ತ ಹೋಗಿ, ಎದುರಿನವರಿಗೆ ಹೊರಹೋಗುವ ಬಾಗಿಲು ಉಳಿಯದಂತೆ ಮಾಡುವ ಕ್ರಮ ಅವರದು. ದೇರಾಜೆ ಸೀತಾರಾಮಯ್ಯನವರ (1914–1984) ದಾರಿ ಬೇರೆ. ಅವರ ಮಾತಿನಲ್ಲಿ ಪಟ್ಟಿಗಿಂತ ಮನೋವಿಶ್ಲೇಷಣೆ ಹೆಚ್ಚು. ಪಾತ್ರ ಯಾಕೆ ಹೀಗೆ ಮಾಡಿತು ಎಂದು ಒಳಗಿನಿಂದ ಬಿಡಿಸುವವರು. ಅವರ ಒಂದು ಪುಸ್ತಕದ ಹೆಸರೇ ‘ಕುರುಕ್ಷೇತ್ರಕ್ಕೊಂದು ಆಯೋಗ’; ಮಹಾಭಾರತವನ್ನು ತನಿಖೆಗೆ ಒಡ್ಡುವ ಈ ಯೋಚನೆ ಅರ್ಥಗಾರಿಕೆಯಲ್ಲಿ ಪಳಗಿದ ತಲೆಗೇ ಹೊಳೆಯುವಂಥದ್ದು. ಮಲ್ಪೆ ರಾಮದಾಸ ಸಾಮಗರ ಮಾತಿನ ಚುರುಕು, ಕುಂಬಳೆ ಸುಂದರ ರಾಯರ ಪ್ರಾಸದ ಓಟ ಇವೆಲ್ಲ ಸೇರಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೆಂಕುತಿಟ್ಟಿನ ಅರ್ಥಗಾರಿಕೆ ಒಂದು ಶಾಲೆಯಾಗಿ ಬೆಳೆಯಿತು. ಅದರ ದೊಡ್ಡ ಸಾಧನೆ, ನಾನು ತಿಳಿದಂತೆ, ಇಷ್ಟು: ಮುಗಿವು ಬದಲಾಗದ ಕಥೆಯಲ್ಲಿಯೂ ಕೇಳುಗ ಪಕ್ಷ ಬದಲಿಸಬಹುದು. 2018ರ ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ ಗೇಮಿನಲ್ಲಿ ಮೂವರು ಯಂತ್ರಮಾನವರ ಕಥೆ ಹೆಣೆದುಕೊಂಡಿದೆ, ನಾವು ಆಯ್ದ ಹಾಗೆ ಕವಲೊಡೆಯುತ್ತದೆ, ಮೂವರಲ್ಲಿ ಯಾರು ಸತ್ತರೂ ಕಥೆ ಮುಂದುವರಿಯುತ್ತದೆ. ಅಲ್ಲಿ ಆಯ್ಕೆ ಧಾರಾಳ. ಆದರೆ ಬೇಡವಾದ ಮುಗಿವು ಬಂದರೆ ಹಿಂದೆ ಹೋಗಿ ಬೇರೆ ಗುಂಡಿ ಒತ್ತಬಹುದು. ವಾಲಿಗೆ ಆ ಸೌಕರ್ಯವಿಲ್ಲ. ಅವನು ಸಾಯಲೇಬೇಕು, ಸಾಯುವುದರೊಳಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. ಆ ಒತ್ತಡದಲ್ಲಿ ಹುಟ್ಟಿದ ಮಾತಿನ ತೂಕವೇ ಬೇರೆ.

ವಾಲಿಯ ಮುಗಿವು ಬದಲಾದ ಕಥೆಯೂ ಇಲ್ಲೇ ಹತ್ತಿರದಲ್ಲಿ ಇತ್ತು ಎಂಬುದನ್ನು ನಮ್ಮ ಕೂಟದವರು ನೆನೆಯುವುದು ಕಡಿಮೆ. ಜೈನ ರಾಮಾಯಣದಲ್ಲಿ ವಾಲಿ ರಾಮನ ಬಾಣಕ್ಕೆ ಬೀಳುವುದೇ ಇಲ್ಲ, ರಾಜ್ಯ ಬಿಟ್ಟು ದೀಕ್ಷೆ ಪಡೆಯುತ್ತಾನೆ. ಕನ್ನಡದಲ್ಲಿ ನಾಗಚಂದ್ರ ಆ ಪರಂಪರೆಯವನು. ಸಾವಿರ ಕಂಬದ ಬಸದಿಯ ಮೂಡುಬಿದಿರೆ ಒಂದು ಕಡೆ, 1604ರ ಗೊಮ್ಮಟನ ವೇಣೂರು ಇನ್ನೊಂದು ಕಡೆ ಇರುವ ಸೀಮೆಯಲ್ಲಿ ಕುಳಿತು, ಸಾಯದ ವಾಲಿಯೊಬ್ಬನಿದ್ದಾನೆ ಎಂಬುದನ್ನು ಮಾತಿಗೂ ತರದೆ ರಾತ್ರಿಗಳನ್ನು ಕಳೆದಿದ್ದೇವೆ.

ಇನ್ನು ಈ ಶಾಲೆ ಎಲ್ಲಿ ನಿಂತಿತು ಎಂಬ ಮಾತು. ಮೇಲಿನ ವಾದವನ್ನು ಇನ್ನೊಮ್ಮೆ ನೋಡಿ. ಇಡೀ ಚರ್ಚೆ ತೂಗಾಡುವುದು ರುಮೆಯ ಮೇಲೆ. ಅವಳನ್ನು ಇಟ್ಟುಕೊಂಡದ್ದು ಅಪರಾಧ, ಅದಕ್ಕೆ ಮರಣದಂಡನೆ. ವಾಲಿ ಸತ್ತ ಮೇಲೆ ರುಮೆ ಸುಗ್ರೀವನ ಬಳಿಗೆ ಮರಳುತ್ತಾಳೆ, ತಾರೆಯೂ ಸುಗ್ರೀವನ ಪಾಲಾಗುತ್ತಾಳೆ. ಅಣ್ಣ ಮಾಡಿದರೆ ದಂಡನೆ, ತಮ್ಮ ಮಾಡಿದರೆ ಪಟ್ಟಾಭಿಷೇಕ. ಇಷ್ಟು ದೊಡ್ಡ ಬಿರುಕು ಕಥೆಯ ಮಧ್ಯದಲ್ಲಿ ಇದ್ದೂ ಅದರೊಳಗೆ ಕೈಹಾಕಿದವರು ವಿರಳ. ವಾಲಿಯ ಅರ್ಥಧಾರಿ ಬುದ್ಧಿವಂತರಾದರೆ ಅದನ್ನು ತನ್ನ ಬತ್ತಳಿಕೆಯ ಒಂದು ಬಾಣವಾಗಿ ಬಳಸುತ್ತಾರೆ, ಅಷ್ಟೇ. ತಾರೆಗೆ ಗಂಡನನ್ನು ಎರಡನೆಯ ಕಾಳಗಕ್ಕೆ ಹೋಗದಂತೆ ತಡೆಯುವ, ಆಮೇಲೆ ಅಳುವ ಸಂದರ್ಭವಾದರೂ ಉಂಟು. ರುಮೆಯ ಮಾತಿಗಾಗಿ ಯಾರೂ ಕುರ್ಚಿ ಹಾಕುವುದಿಲ್ಲ. ಯಾರ ಹೆಸರಿನಲ್ಲಿ ಬಾಣ ಹೊರಟಿತೋ ಅವಳಿಗೆ ಏನನಿಸಿತು ಎಂದು ಎರಡು ಗಂಟೆಯ ಕೂಟದಲ್ಲಿ ಒಂದು ಪ್ರಶ್ನೆಯೂ ಏಳುವುದಿಲ್ಲ.

ಇದನ್ನು ಕಾಲದ ದೋಷ ಎಂದು ತಳ್ಳಿಹಾಕುವುದು ಸುಲಭ. ದೋಷ ಕ್ರಮದಲ್ಲೇ ಇದೆ ಎನ್ನುವುದು ನನ್ನ ಆಕ್ಷೇಪ. ಅರ್ಥಗಾರಿಕೆ ದೃಷ್ಟಿಕೋನವನ್ನು ವಾದವಾಗಿ ಮಾತ್ರ ಬಲ್ಲದು, ವಾದಕ್ಕೆ ಬೇಕಾದವರು ಇಬ್ಬರೇ. ವಾದಿಸಲು ಬಾರದವರು, ವಾದಿಸುವ ಹಕ್ಕಿಲ್ಲದವರು, ಬರೀ ಬದುಕಿ ಅನುಭವಿಸಿದವರು ಈ ಸಭೆಗೆ ಬರಲಾರರು. ಮೇಲಾಗಿ ವಾದವಿದ್ದಲ್ಲಿ ಗೆಲ್ಲುವ ಚಪಲವೂ ಬರುತ್ತದೆ. ಎದುರಿನವರ ಮಾತು ಪೂರ್ತಿಯಾಗುವ ಮೊದಲೇ ಕತ್ತರಿ ಹಾಕುವುದು, ಪದ್ಯಕ್ಕೆ ಸಂಬಂಧವಿಲ್ಲದ ಶ್ಲೋಕ ತಂದು ಒಗೆಯುವುದು, ಊರಿನ ರಾಜಕೀಯದ ಚಟಾಕಿ ಹಾರಿಸಿ ನಗೆ ಗಳಿಸುವುದು ಹೊಸ ರೋಗವಲ್ಲ. ಡಾ. ಎಂ. ಪ್ರಭಾಕರ ಜೋಶಿಯವರಂಥ ಅರ್ಥಧಾರಿ-ವಿಮರ್ಶಕರಿಂದಾಗಿ ಈ ಕಲೆಗೆ ಒಳಗಿನಿಂದಲೇ ವಿಮರ್ಶೆ ದೊರೆಯಿತು. ಆದರೆ ಚಪ್ಪಾಳೆಯ ಎದುರು ವಿಮರ್ಶೆಗೆ ಎಷ್ಟು ಬೆಲೆ? ಮೊದಲು ಕ್ಯಾಸೆಟ್, ಈಗ ಯೂಟ್ಯೂಬ್. ರಾತ್ರಿಯಿಡೀ ಕಟ್ಟಿದ ಪಾತ್ರದಿಂದ ನಾಲ್ಕು ನಿಮಿಷದ ಚಕಮಕಿ ಕತ್ತರಿಸಿ, ಯಾರು ಯಾರ ಬಾಯಿ ಮುಚ್ಚಿಸಿದರು ಎಂಬ ತಲೆಬರಹ ಹಾಕಿ ಹಂಚುತ್ತಾರೆ. ಕಾಲಮಿತಿಯ ಕೂಟಗಳಲ್ಲಿ ಪೀಠಿಕೆ ಮೊಟಕಾಗಿದೆ. ಪೀಠಿಕೆಯಲ್ಲಿಯೇ ಪಾತ್ರ ತನ್ನಷ್ಟಕ್ಕೆ ಉಸಿರಾಡುತ್ತಿತ್ತು. ಅದು ಹೋದರೆ ಉಳಿಯುವುದು ಜಟಾಪಟಿ.

ಆ್ಯಬಿಯ ಗೇಮ್ ಈ ಜಾಗದಲ್ಲಿ ನಮಗಿಂತ ಮುಂದಿದೆ ಎಂದು ಒಪ್ಪಲೇಬೇಕು. ಆ್ಯಬಿ ನಮ್ಮೆದುರು ವಾದಿಸುವುದಿಲ್ಲ. ಅವಳ ದಿನಚರಿಯೊಳಗೆ ನಮ್ಮನ್ನು ನಡೆಸಿ, ಅವಳಿಗೆ ಎತ್ತರವೆಂದರೆ ಭಯ ಎಂಬ ಸಣ್ಣ ಸಂಗತಿಯನ್ನು ಕಾಲಿನಡಿ ಅನುಭವಿಸುವಂತೆ ಗೇಮ್ ಮಾಡುತ್ತದೆ. ಎಲ್ಲ ಗೇಮ್‌ಗಳೂ ಹೀಗೆಂದಲ್ಲ. ‘ಆಕ್ಟೊಪಾತ್ ಟ್ರಾವೆಲರ್’ (2018) ಎಂಟು ಪಯಣಿಗರ ಕಥೆ ಎಂದು ಹೆಸರಾಯಿತು, ಒಬ್ಬರ ಕಥೆ ನಡೆಯುವಾಗ ಜತೆಯಲ್ಲಿರುವ ಉಳಿದವರು ಇದ್ದೂ ಇಲ್ಲದಂತೆ. ಎಂಟು ಎಳೆ ಉಂಟು, ನೇಯ್ಗೆ ಇಲ್ಲ.

ನೇಯ್ಗೆ ನೋಡಬೇಕಾದರೆ ಕೂಟ ಬಿಟ್ಟು ಸಿರಿಯ ಕಡೆಗೆ ಹೋಗಬೇಕು. ಅದೂ ಬೆಳ್ತಂಗಡಿ ತಾಲೂಕಿನದೇ. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳು ಮೌಖಿಕ ಮಹಾಕಾವ್ಯ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜತೆಗೂಡಿ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಕಥೆ ಮೂರು ತಲೆಮಾರಿನದು. ಗಂಡ ಕಾಂತು ಪೂಂಜನಿಗೆ ಬರ (ವಿಚ್ಛೇದನ) ಕೊಟ್ಟು ಕೂಸನ್ನೆತ್ತಿಕೊಂಡು ಹೊರಡುವ ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ-ದಾರಗ. ಒಬ್ಬಳ ಕಥೆ ಮುಗಿಯುವ ಮುಂಚೆ ಮತ್ತೊಬ್ಬಳದು ಅದರೊಳಗೆ ಬೇರುಬಿಟ್ಟಿರುತ್ತದೆ. ಆ ಅವಳಿಗಳ ಅಂತ್ಯ ಬರುವುದೇ ಚೆನ್ನೆಮಣೆಯ ಆಟದಲ್ಲಿ. ಮಾತಿಗೆ ಮಾತು ಬೆಳೆದು ಒಬ್ಬಳು ಮಣೆಯೆತ್ತಿ ಬಡಿಯುತ್ತಾಳೆ, ಒಡಹುಟ್ಟಿದವಳು ಸತ್ತದ್ದು ಕಂಡು ತಾನೂ ಬಾವಿ ಸೇರುತ್ತಾಳೆ.

ನಂದಳಿಕೆ, ಕವತಾರಿನ ಸಿರಿಜಾತ್ರೆಯಲ್ಲಿ ಈ ಕಥೆಯನ್ನು ಯಾರೂ ಹೊರಗೆ ನಿಂತು ಹೇಳುವುದಿಲ್ಲ. ಹಿಂಗಾರ ಹಿಡಿದ ಹೆಂಗಸರು ಸಾಲುಗಟ್ಟಿ ಕೂರುತ್ತಾರೆ. ಒಬ್ಬಳ ಮೇಲೆ ಸಿರಿ, ಪಕ್ಕದವಳ ಮೇಲೆ ಸೊನ್ನೆ, ಆಚೆ ಅಬ್ಬಗ. ಸಿರಿಯ ಮಗ ಕುಮಾರನಾಗಿ ನಿಂತ ಗಂಡಸು ನೀನು ಯಾರು ಎಂದು ಕೇಳುತ್ತಾನೆ. ಅವಳು ‘ನಾನು’ ಎಂದೇ ಶುರುಮಾಡಿ ಹಾಡಿನಲ್ಲಿ ಉತ್ತರಿಸುತ್ತಾಳೆ. ಆ ಉತ್ತರದಲ್ಲಿ ಪಾಡ್ದನದ ಸಿರಿ ಎಷ್ಟು, ಮನೆಯಲ್ಲಿ ಬಾಯಿಬಿಡಲಾಗದ ಈ ಹೆಂಗಸಿನ ಸ್ವಂತ ಸಂಕಟ ಎಷ್ಟು ಎಂದು ಬೇರ್ಪಡಿಸಲು ಆಗದು. ಇಲ್ಲಿ ಗೆಲ್ಲುವವರಿಲ್ಲ. ಒಂದೇ ಹೊತ್ತಿಗೆ ಹಲವು ಸಿರಿಯರು ಇರಬಹುದು, ಒಬ್ಬಳ ಕಥೆ ಇನ್ನೊಬ್ಬಳದ್ದನ್ನು ಸುಳ್ಳು ಮಾಡುವುದಿಲ್ಲ. ಇದನ್ನು ಕಲೆಯೆಂದು ಕರೆದು ತಾಳಮದ್ದಳೆಯ ಪಕ್ಕ ಇಟ್ಟು ತೂಗುವುದು ಸರಿಯೇ ಎಂದು ಕೆಲವರು ಕೇಳಿಯಾರು. ಅದು ಆರಾಧನೆ, ಒಪ್ಪಿದೆ. ಕೇಳುವ ರೀತಿಯನ್ನು ಅಲ್ಲಿಂದ ಕಲಿಯಲು ಅಡ್ಡಿಯೇನು? ರಾಮ ವಾಲಿಯನ್ನು ಕೇಳುವುದಕ್ಕೂ ಕುಮಾರ ಸಿರಿಯನ್ನು ಕೇಳುವುದಕ್ಕೂ ಅಂತರವಿದೆ. ಅಲ್ಲಿ ಪ್ರಶ್ನೆ ಬೀಳಿಸಲು, ಇಲ್ಲಿ ಬಾಯಿ ಬಿಡಿಸಲು.

ಈಚಿನ ದಶಕಗಳಲ್ಲಿ ಮಹಿಳಾ ತಂಡಗಳು ಕೂಟಕ್ಕೆ ಕುಳಿತಿವೆ. ಅದಕ್ಕೂ ಮೊದಲೇ ಲೀಲಾವತಿ ಬೈಪಾಡಿತ್ತಾಯರು ಯಕ್ಷಗಾನದ ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿ ದಾರಿ ತೋರಿದ್ದರು. ಸಂತೋಷದ ಸಂಗತಿ. ಆದರೆ ನಾನು ಕೇಳಿದ ಮಟ್ಟಿಗೆ ಈ ತಂಡಗಳ ವಾಲಿಯೂ ಅದೇ ವಾಲಿ, ರಾಮನೂ ಅದೇ ರಾಮ. ಶೇಣಿಯವರ ಪಟ್ಟುಗಳೇ ಹೆಂಗಸರ ಬಾಯಲ್ಲಿ ಬರುತ್ತಿವೆ. ತಪ್ಪು ಅವರದಲ್ಲ, ಪದ್ಯವಿಲ್ಲದೆ ಅರ್ಥಧಾರಿ ಮಾತೆತ್ತುವಂತಿಲ್ಲ. ರುಮೆಗೆ ಪದ್ಯ ಬೇಕು. ಅಮೃತ ಸೋಮೇಶ್ವರರು ಹೊಸ ಪ್ರಸಂಗಗಳನ್ನು ಕೊಟ್ಟ, ಬೆಳ್ತಂಗಡಿ ತಾಲೂಕಿನವರೇ ಆದ ಅನಂತರಾಮ ಬಂಗಾಡಿಯವರು ತುಳುವಿನಲ್ಲಿ ಪ್ರಸಂಗ ಬರೆದ ಜಿಲ್ಲೆಯಲ್ಲಿ ಎಂಟು ಹತ್ತು ಪದ್ಯ ಹೊಸೆಯುವುದು ದೊಡ್ಡ ಸಾಹಸವೇನೂ ಅಲ್ಲ. ಕಾಳಗ ಮುಗಿದು ವಾಲಿ ಬಿದ್ದಾಗ ಅವಳೊಮ್ಮೆ ಬರಲಿ. ವಾಲಿಯ ಮನೆಯಲ್ಲಿ ಕಳೆದ ದಿನಗಳನ್ನು ಹೇಳಲಿ, ಸುಗ್ರೀವನ ಮನೆಗೆ ಮರಳುವ ಬಗ್ಗೆ ತನ್ನನ್ನೇಕೆ ಕೇಳಲಿಲ್ಲ ಎಂದು ರಾಮನನ್ನೇ ಕೇಳಲಿ. ಅದಕ್ಕೆ ಭಾಗವತರು ಒಪ್ಪಬೇಕು, ಸಂಘಟಕರು ಇಪ್ಪತ್ತು ನಿಮಿಷ ಬಿಡಿಸಿಕೊಡಬೇಕು, ವಾಲಿಯ ಅರ್ಥಧಾರಿ ತನ್ನ ಪಾಲಿನಿಂದ ಅಷ್ಟನ್ನು ಕಳೆದುಕೊಳ್ಳಬೇಕು. ಮೊದಲಿನ ಎರಡನ್ನು ಹೇಗಾದರೂ ಹೊಂದಿಸಬಹುದು.